ಲಾಭ, ಎರಡು, ಮೂರು

ಇವತ್ತು ಬೆಳಿಗ್ಗೆ ಸೂಕ್ಷ್ಮದರ್ಶಕದ ಮುಂದೆ ಕೂತು ಕೋಶಗಳನ್ನು ಎಣಿಸುತ್ತಿದ್ದೆ. ಎಡಗೈಯಲ್ಲಿ ಎಣಿಕೆಯ ಪುಟ್ಟ ಯಂತ್ರ, ಒತ್ತಿದಾಗಲೆಲ್ಲ ಟಿಕ್ ಎನ್ನುತ್ತದೆ. ಸತ್ತ ಕೋಶ ನಾವು ಹಾಕಿದ ನೀಲಿ ಬಣ್ಣವನ್ನು ಕುಡಿದಿರುತ್ತದೆ. ಬದುಕಿದ್ದು ಬೆಳ್ಳಗೆ ಹೊಳೆಯುತ್ತದೆ. ಮೊದಲ ಟಿಕ್ ಕೇಳಿದಾಗಲೆಲ್ಲ ನನಗೆ ಬೈಂದೂರಿನ ಮೀನು ಮಾರ್ಕೆಟ್ಟು ನೆನಪಾಗುತ್ತದೆ. ಯಾಕೆಂದು ಹೇಳಲು ನಿಮ್ಮನ್ನು ಸ್ವಲ್ಪ ಸುತ್ತಿಸಬೇಕು.

ನಮ್ಮ ಲ್ಯಾಬಿನ ಮೇಡಂ ಬಹಳ ವರ್ಷಗಳಿಂದ ಒಂದೇ ಪ್ರಶ್ನೆ ಹಿಡಿದು ಕೂತಿದ್ದಾರೆ. ನರಕೋಶ ತನ್ನೊಳಗೆ ಕೆಟ್ಟುಹೋದ ಪ್ರೋಟೀನನ್ನು ತಾನೇ ಗುಡಿಸಿ, ಒಡೆದು, ಮತ್ತೆ ಬಳಸಿಕೊಳ್ಳುತ್ತದೆ. ಕೆಲವರಲ್ಲಿ ವಯಸ್ಸಾದಂತೆ ಈ ಕೆಲಸ ನಿಧಾನವಾಗುತ್ತದೆ. ಕಸ ಗಂಟು ಕಟ್ಟುತ್ತದೆ, ಕೋಶ ಸಾಯುತ್ತದೆ, ಮನುಷ್ಯ ಮರೆಯತೊಡಗುತ್ತಾನೆ. ನಿಧಾನವಾಗುವುದು ಎಲ್ಲಿ, ಯಾಕೆ? ನಾನು ಹುಡುಕುತ್ತಿರುವುದೂ ಅದನ್ನೇ.

ಅಮ್ಮಮ್ಮನಿಗೆ ಇದನ್ನು ವಿವರಿಸಿದ ದಿನ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದ್ದಳು. "ಕಸ ಗುಡ್ಸುದನ್ನ್ ಕಾಂಬುಕೆ ಇಷ್ಟ್ ವರ್ಷ ಓದ್ಕಿತ್ತಾ ಹೆಣೆ? ನಮ್ಮನಿ ಅಂಗ್ಳ ಇತ್ತಲೆ." ಗುಡಿಸುವುದನ್ನು ನೋಡಲು ಮನೆಯಂಗಳವೇ ಸಾಕಲ್ಲ ಎಂಬುದು ಅವಳ ಲೆಕ್ಕ.

ಅವಳು ನಲವತ್ತು ವರ್ಷ ಬುಟ್ಟಿಯಲ್ಲಿ ಮೀನು ಮಾರಿದವಳು. ಆದರೆ ಅಮ್ಮನನ್ನಾಗಲಿ ನನ್ನನ್ನಾಗಲಿ ಒಮ್ಮೆಯೂ ಮಾರ್ಕೆಟ್ಟಿಗೆ ಕರೆದೊಯ್ದಿರಲಿಲ್ಲ. ಶಾಲೆಗೆ ಹೋಗುವ ಮಗುವಿಗೆ ಮೀನಿನ ವಾಸನೆ ಹತ್ತಬಾರದೆಂಬ ಹಟ. ನಾನೂ ಆ ಅನುಕೂಲವನ್ನು ಪ್ರಶ್ನಿಸಲಿಲ್ಲ. ಆಮೇಲೆ ಅವಳೇ ಮರೆಯತೊಡಗಿದಳು. ಒಣಮೀನನ್ನು ಅಕ್ಕಿ ಡಬ್ಬಿಯಲ್ಲಿಟ್ಟಳು. ಒಂದು ದಿನ ಬೈಂದೂರಿನಲ್ಲಿ ಇಳಿಯದೆ ಬಸ್ಸಿನಲ್ಲೇ ಶಿರೂರಿಗೆ ಹೋಗಿಬಿಟ್ಟಳು. ಅಮ್ಮ ಹೆದರಿ ನನ್ನನ್ನು ಬ್ರಹ್ಮಾವರದ ಬಾಡಿಗೆ ಕೋಣೆಯಿಂದ ಕರೆಸಿದಳು.

"ನೀ ಓದಿದಳ್, ನೀನೇ ಹೇಳ್," ಅಂದಳು. "ಇವಳನ್ನ್ ಪ್ಯಾಟಿಗ್ ಕಳ್ಸುದಾ, ಬ್ಯಾಡ್ದಾ?"

ನಾನು ಕೋಶಗಳನ್ನು ಓದಿದವಳು, ಮನುಷ್ಯರನ್ನಲ್ಲ. ಹಾಗೆಂದು ಹೇಳಬೇಕಿತ್ತು. ಹೇಳದೆ, ಎಲ್ಲಿಂದಲೋ ತಂದ ನೆನಪಿನ ಪರೀಕ್ಷೆಯ ಹಾಳೆಯನ್ನು ಬಿಚ್ಚಿ ಅವಳೆದುರು ಕೂತೆ. ವಾರ ಯಾವುದು, ತಿಂಗಳು ಯಾವುದು? ಅವಳು ಅಮ್ಮನ ಮುಖ ನೋಡಿದಳು. ಹುಣಸೆ ಬೀಜ ಹತ್ತು ಇಟ್ಟು ಎಣಿಸಲು ಹೇಳಿದೆ. ಅವಳ ಬೆರಳು ಚುರುಕಾಯಿತು. "ಲಾಭ, ಎರಡ್, ಮೂರ್..." ಹತ್ತರವರೆಗೂ ಎಲ್ಲಿಯೂ ತಡವರಿಸಲಿಲ್ಲ. ನಾನು ಬರೆದುಕೊಂಡೆ: ಒಂದು ಎಂಬ ಸಂಖ್ಯೆ ಮರೆತಿದೆ, ಬದಲಿಗೆ ಸಂಬಂಧವಿಲ್ಲದ ಪದ.

ಎಣಿಸಲೂ ಬಾರದವಳನ್ನು ಕಳಿಸುವುದು ಬೇಡ ಎಂದೆ. ಅಮ್ಮ ಬುಟ್ಟಿಯನ್ನು ಅಟ್ಟಕ್ಕೆ ಹಾಕಿದಳು. ಅಮ್ಮಮ್ಮ ಎದುರಾಡಲಿಲ್ಲ. ಓದಿದ ಮೊಮ್ಮಗಳ ಮಾತಲ್ಲವೇ? ಜಗಲಿಯಲ್ಲಿ ಕೂತು, ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ರಸ್ತೆ ನೋಡುತ್ತಿದ್ದಳು.

ಎರಡು ವಾರದ ನಂತರ ಊರಿಗೆ ಹೋದಾಗ ಮನೆಗೆ ಮೀನು ತರಲು ಮೊದಲ ಬಾರಿ ಆ ಮಾರ್ಕೆಟ್ಟಿನೊಳಗೆ ಕಾಲಿಟ್ಟೆ. ಅಮ್ಮಮ್ಮನ ಪಕ್ಕದ ಜಾಗದ ಗಿರಿಜಕ್ಕ ಬಂಗಡೆಯನ್ನು ಚೀಲಕ್ಕೆ ಹಾಕುತ್ತಾ ಎಣಿಸಿದರು: "ಲಾಭ, ಎರಡ್, ಮೂರ್..." ಒಂದು ಅನ್ನುವುದಿಲ್ಲವೇ ಎಂದು ಕೇಳಿದೆ.

"ಸುರುವಿಗೇ ಒಂದ್ ಅಂಬುಕಾಗ," ಅಂದರು. "ಒಂದ್ ಅಂದ್ರೆ ಒಂದೇ ಆತ್ತ್, ಲಾಭ ಅಂದ್ರೆ ಇನ್ನೂ ಬತ್ತ್. ಅಜ್ಜಿ ಹೇಳ್ಕೊಡ್ಲಿಲ್ಯಾ?" ಆಮೇಲೆ ಪಕ್ಕದ ಖಾಲಿ ಮಣೆ ತೋರಿಸಿ, "ಅವ್ರ್ ಯಾವಾಗ ಬತ್ರ್?" ಎಂದು ಕೇಳಿದರು.

ಮನೆಗೆ ಬಂದು ನನ್ನ ತಪ್ಪನ್ನು ಅಮ್ಮನಿಗೆ ಹೇಳಿ, ನಾನೇ ಅಟ್ಟ ಹತ್ತಿ ಬುಟ್ಟಿ ಇಳಿಸಿದೆ. ಅಮ್ಮಮ್ಮನಿಗೆ ಕಾಯಿಲೆ ಇದ್ದದ್ದು ನಿಜ. ಡಾಕ್ಟರೂ ಆಮೇಲೆ ಹಾಗೇ ಹೇಳಿದರು. ಅವಳು ಮತ್ತೆ ಮಾರ್ಕೆಟ್ಟಿಗೆ ಹೋಗತೊಡಗಿದಳು. ಬಸ್ಸಿಗೆ ಜೊತೆ ಬೇಕು, ಬೆಲೆ ಗಿರಿಜಕ್ಕ ಹೇಳಬೇಕು. ಆದರೆ ಎಣಿಕೆ ಅವಳದೇ. ಈಗ ನನ್ನ ಹೆಸರು ಅವಳಿಗೆ ಸಿಗುವುದಿಲ್ಲ. ನಾನು ಹೋದಾಗಲೆಲ್ಲ ಗಿರಾಕಿಯೆಂದು ತಿಳಿದು, ಒಳ್ಳೆಯ ಮೀನನ್ನೇ ಆರಿಸಿ ಕೊಡುತ್ತಾಳೆ. ನಾನು ಅವಳ ಪಕ್ಕದಲ್ಲಿ ಕೂರುತ್ತೇನೆ. ವಾಸನೆ ಹತ್ತೀತೆಂದು ಎಬ್ಬಿಸಲು ಅವಳಿಗೆ ನೆನಪಿಲ್ಲ.

ಇವತ್ತು ಗಾಜಿನ ಮೇಲೆ ನೀಲಿಯೇ ಹೆಚ್ಚಿತ್ತು. ಮೂಲೆಯಲ್ಲಿ ಬೆಳ್ಳಗೆ ಒಂದು ಕೋಶ ಕಂಡಿತು. ಗುಂಡಿ ಒತ್ತುವ ಮೊದಲು, ಲಾಭ, ಎಂದೆ. ಏನಾದರೂ ಹೇಳಿದಿರಾ ಎಂದು ಪಕ್ಕದ ಮೇಜಿನವರು ಕೇಳಿದರು. ಎಣಿಸುತ್ತಿದ್ದೇನೆ ಅಂದೆ.