ರಟ್ಟಿನ ಹಿಂದೆ ಬಿದ್ದ ಏಳು

ಕಾಕಾ, ಆ ಭಾನುವಾರ ದಾಳದಲ್ಲಿ ಬಿದ್ದದ್ದು ಏಳು. ನಾನು ಹತ್ತೊಂಬತ್ತು ಅಂದೆ.

ಇಷ್ಟು ಬರೆಯಲು ನನಗೆ ಎರಡು ವರ್ಷ ಬೇಕಾಯಿತು. ಬರೆದ ಮೇಲೂ ಸಣ್ಣ ಮಾತಿನಂತೆಯೇ ಕಾಣುತ್ತದೆ — ಊಟದ ಮೇಜಿನ ಮೇಲಿನ ಆಟ, ಪ್ಲಾಸ್ಟಿಕ್ಕಿನ ದಾಳ, ಇಲ್ಲದ ಒಬ್ಬ ಮನುಷ್ಯನ ಸಾವು. ಯಾರಿಗೇನು ನಷ್ಟ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಹೋದ ತಿಂಗಳು ದೌಂಡದಲ್ಲಿ, ನಿಮ್ಮ ಮನೆಯ ಚಾಪೆಯ ಮೇಲೆ ಕೂತು ನಿಮ್ಮ ಮಾತು ಕೇಳುವವರೆಗೂ.

ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿದ್ದದ್ದೇ ಹೆಚ್ಚು, ಆದರೂ ನನ್ನ ಕಡೆಯಿಂದ ಅದು ಹೇಗೆ ಕಾಣುತ್ತಿತ್ತು ಎಂಬುದು ನಿಮಗೆ ಗೊತ್ತಿಲ್ಲ.

ಹಡಪಸರದ ನಮ್ಮ ಮನೆಯಲ್ಲಿ ಭಾನುವಾರ ಊಟ ಮುಗಿದು, ಮೇಜು ಒರೆಸಿ, ಚಹಾದ ನೀರು ಇಟ್ಟ ಮೇಲೆ ಆಟ. ಮಗಳು ಅದಿತಿ ಕಾಲೇಜಿನಲ್ಲಿ ಕಲಿತು ಬಂದದ್ದು. ಆಡಿಸಲು ಯಾರೂ ಸಿಗಲಿಲ್ಲವೆಂದು ನಾನು ಕೂತೆ. ಕೂತವಳು ಏಳಲೇ ಇಲ್ಲ. ಒಬ್ಬೊಬ್ಬರು ಒಂದೊಂದು ಪಾತ್ರ ಕಟ್ಟಿಕೊಂಡು ಕಾಡು, ಗವಿ, ಕೋಟೆಗಳಲ್ಲಿ ತಿರುಗುತ್ತಾರೆ, ಎಲ್ಲ ಬಾಯಿಮಾತಿನಲ್ಲೇ. ಎದುರಿಗೆ ಏನಿದೆ ಎಂದು ಹೇಳುವವಳು ನಾನು. ಏನು ಮಾಡುತ್ತೀರಿ ಎಂದು ಕೇಳುವವಳೂ ನಾನೇ. ಆದೀತೋ ಇಲ್ಲವೋ ಎಂಬಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಆಡುವವರ ದಾಳ ಎಲ್ಲರ ಕಣ್ಣೆದುರು. ನನ್ನದು ಮಾತ್ರ, ಅಡ್ಡಕ್ಕೆ ನಿಲ್ಲಿಸಿದ ಸೀರೆ ಡಬ್ಬಿಯ ರಟ್ಟಿನ ಹಿಂದೆ. ಮುಂದೆ ಬರುವುದು ಮೊದಲೇ ಕಾಣಬಾರದೆಂದು ಆ ಮರೆ.

ಆಟ ಆಡುವವರದು, ಆಡಿಸುವವಳದಲ್ಲ — ಇದು ನನ್ನ ನೇಮ. ಕಿರಾಣಿ ಪಟ್ಟಿಯ ವಹಿಯ ಹಿಂಬದಿಯಲ್ಲಿ ಒಬ್ಬೊಬ್ಬರಿಗೂ ಒಂದು ಪುಟ ಇಟ್ಟಿದ್ದೆ. ಯಾರ ಪಾತ್ರಕ್ಕೆ ಏನು ಬೇಕು, ಯಾರನ್ನು ಹುಡುಕುತ್ತಿದೆ, ಕಳೆದ ವಾರ ಯಾರಿಗೆ ಮಾತಾಡಲು ಕಡಿಮೆ ಸಿಕ್ಕಿತು. ಆ ವಹಿಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ. ನನ್ನ ಕತೆ ಅಂತ ಒಂದೂ ಇಲ್ಲ, ನಾನು ಬರೀ ಬಡಿಸುವವಳು ಎಂದು ಎಲ್ಲರಿಗೂ ಹೇಳುತ್ತಿದ್ದೆ.

ಆಗ ನೀವು ಬಂದಿರಿ. ನಮ್ಮ ಯಜಮಾನರ ಕಾಕಾ. ರೈಲ್ವೆಯಿಂದ ನಿವೃತ್ತರಾಗಿ ವರ್ಷವಾಗಿತ್ತು. ಕಬ್ಬಿನ ತುಂಡುಗಳ ಚೀಲ ಹಿಡಿದು ಸುಮ್ಮನೆ ಮಾತಾಡಿಸಲು ಬಂದವರು, ಗೋಡೆಗೆ ಕುರ್ಚಿ ಹಾಕಿಕೊಂಡು ಒಂದು ತಾಸು ನೋಡಿದಿರಿ. ಆಮೇಲೆ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದಿರಿ.

"ಕತ್ತಿ ಬ್ಯಾಡ, ಮಂತ್ರ ಬ್ಯಾಡ. ನನ್ನ ಕೈಯಾಗ ಒಂದು ಪಂಜು ಕೊಡು ಶೈಲವ್ವಾ. ನಾ ಮುಂದ ಬೆಳಕು ಹಿಡೀತೀನಿ."

ಹಾಗೆ ಹುಟ್ಟಿದವನು ಪಂಜಿನ ಸಿದ್ಧ. ಅದಿತಿ ನಕ್ಕಳು. ಪಕ್ಕದ ಫ್ಲ್ಯಾಟಿನ ರಶ್ಮಿ, ಬೆಂಗಳೂರಿನಿಂದ ಬಂದು ಇಲ್ಲೇ ಆಫೀಸಿಗೆ ಹೋಗುವವಳು, ನಿಮಗೆ ಒಂದಾದರೂ ಬಾಣ ಕೊಡಿಸಲು ನೋಡಿದಳು. ನೀವು ಒಪ್ಪಲಿಲ್ಲ. ಆದರೆ ಕತ್ತಲೆಯ ಗವಿಯಲ್ಲಿ ಬೆಳಕು ಹಿಡಿದವನಿಗೇ ಎಲ್ಲ ಮೊದಲು ಕಾಣುವುದು — ಇದು ನನಗೆ ಆಗ ಹೊಳೆದಿರಲಿಲ್ಲ. ನಾಲ್ಕು ವಾರದೊಳಗೆ ಎಲ್ಲರೂ ನಿಮ್ಮನ್ನೇ ಕೇಳತೊಡಗಿದರು. ಮುಂದೆ ಏನಿದೆ ಅಂಕಲ್? ಹೋಗಬಹುದಾ ಅಜ್ಜಾ? ನಾನು ವಿವರಿಸುತ್ತಿದ್ದದ್ದನ್ನು ನೀವು ಇನ್ನೊಮ್ಮೆ, ನಿಮ್ಮ ಮಾತಿನಲ್ಲಿ, ನನಗಿಂತ ಚೆಂದಾಗಿ ಹೇಳುತ್ತಿದ್ದಿರಿ. ಅವರ ಕಣ್ಣು ನಿಮ್ಮ ಕಡೆ. ಪ್ರತಿ ವಾರ ರೈಲು ಹಿಡಿದು, ಕುದಿಸಿದ ಶೇಂಗಾ ಕಟ್ಟಿಕೊಂಡು ಬರುತ್ತಿದ್ದಿರಿ. ಸಿಪ್ಪೆಯನ್ನು ನೀವೇ ಕಾಗದದಲ್ಲಿ ಬಳಿದು ಡಬ್ಬಿಗೆ ಹಾಕುತ್ತಿದ್ದಿರಿ — ನಿಮ್ಮ ಮೇಲೆ ಸಿಟ್ಟಾಗಲು ಅಷ್ಟು ಕಾರಣವನ್ನೂ ಬಿಡುತ್ತಿರಲಿಲ್ಲ.

ಆದರೂ ಸಿಟ್ಟು ಬಂತು.

ಆ ಭಾನುವಾರಕ್ಕಾಗಿ ಎರಡು ವಾರ ಒಂದು ಓಲೆ ತಯಾರಿಸಿದ್ದೆ. ರಶ್ಮಿಯ ಪಾತ್ರಕ್ಕೆ ಕಳೆದುಹೋದ ತಾಯಿಯ ಓಲೆ. ಕಾಗದವನ್ನು ಚಹಾದ ನೀರಿನಲ್ಲಿ ಅದ್ದಿ, ಒಣಗಿಸಿ, ಅಂಚನ್ನು ಗ್ಯಾಸಿನ ಉರಿಗೆ ಹಿಡಿದು ಕಂದಿಸಿ, ಅಕ್ಷರ ಹಳೆಯದಾಗಿ ಕಾಣಲೆಂದು ಕಡ್ಡಿಯಿಂದ ಬರೆದದ್ದು. ಅದನ್ನು ರಟ್ಟಿನ ಹಿಂದಿನಿಂದ ತೆಗೆದು ಕೈ ಮುಂದೆ ಚಾಚಿದೆ. ಆಗಲೇ ನೀವು ಅಂದಿರಿ, ಆ ಕಾಗದ ಇರಲಿ, ಮೂಲೆಯಲ್ಲಿ ಏನೋ ಅಲುಗಿದಂತಾಯಿತಲ್ಲ ಎಂದು. ಎಲ್ಲರೂ ಮೂಲೆಗೆ ತಿರುಗಿದರು. ರಶ್ಮಿಯೂ. ಮೂಲೆಯಲ್ಲಿ ಏನೂ ಇರಲಿಲ್ಲ ಕಾಕಾ, ಅದನ್ನು ನೀವು ಅಲ್ಲೇ ಹುಟ್ಟಿಸಿದಿರಿ, ಅದೇ ಈ ಆಟದ ಸೊಗಸು, ಬೇರೆ ದಿನವಾಗಿದ್ದರೆ ನಾನೇ... ಯಾರೂ ತೆಗೆದುಕೊಳ್ಳದ ಓಲೆ ತಿರುಗಿ ನನ್ನ ಮಡಿಲಿಗೆ ಬಂತು.

ಮೂಲೆಯಲ್ಲಿ ಚಾವಣಿಯ ಕಲ್ಲು ಸಡಿಲಾಗಿದೆ ಅಂದೆ. ಹದಿನೈದು ದಾಟಿದರೆ ಕಲ್ಲು ಸಿದ್ಧನ ಮೇಲೆ ಬೀಳುತ್ತದೆ, ಬಿದ್ದರೆ ಅವನು ಉಳಿಯುವುದಿಲ್ಲ ಅಂದೆ. ದಾಳ ಉರುಳಿಸಿದೆ. ಏಳು. ಸ್ಪಷ್ಟವಾಗಿ, ಬಿಳಿ ಬಣ್ಣದಲ್ಲಿ. ಅದನ್ನು ನೋಡಿದೆ, ನಿಮ್ಮನ್ನು ನೋಡಿದೆ.

"ಹತ್ತೊಂಬತ್ತು," ಅಂದೆ.

ಆಮೇಲೆ ದಾಳವನ್ನು ಅಂಗೈಯಲ್ಲಿ ಮುಚ್ಚಿಕೊಂಡೆ.

ನೀವು ಕೈಯಲ್ಲಿದ್ದ ಶೇಂಗಾವನ್ನು ತಿನ್ನದೆ ಮೇಜಿನ ಮೇಲಿಟ್ಟಿರಿ. ರಟ್ಟಿನ ಆಚೆ ಇಣುಕಿ ನೋಡುತ್ತೀರಿ ಎಂದು ಹೆದರಿದ್ದೆ. ನಿಮಗೆ ಅದು ಹೊಳೆಯಲೂ ಇಲ್ಲ.

"ಇರ್ಲಿ ಬಿಡವಾ," ಅಂದಿರಿ. "ದಾಳಕ್ಕ ಯಾರ ಮಾರಿನೂ ಗೊತ್ತಿಲ್ಲ. ಅದಕ್ಕ ಈ ಆಟ ನನಗ ಸೇರತದ."

"ಇನ್ನೊಂದು ಪಾತ್ರ ಮಾಡ್ಕೊಳ್ಳಿ ಅಂಕಲ್, ಪ್ಲೀಸ್," ಅಂದಳು ರಶ್ಮಿ. ಸಿದ್ಧನದು ಮುಗಿಯಿತು, ಇನ್ನೊಬ್ಬ ಬೇಡ ಎಂದು ನಕ್ಕಿರಿ. ಸಿದ್ಧನ ವಿವರ ಬರೆದಿದ್ದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡಿರಿ. ಮುಂದಿನ ವಾರ ಮೊಣಕಾಲು ನೋವೆಂದು ಫೋನ್ ಬಂತು. ಅದರ ಮುಂದಿನ ವಾರ ಫೋನೂ ಬರಲಿಲ್ಲ. ನಾನೂ ಮಾಡಲಿಲ್ಲ.

ಉಳಿದವರಿಗೂ ಮಾತಾಡಲು ಎಡೆ ಸಿಗಲೆಂದು ಹಾಗೆ ಮಾಡಿದೆ — ಈ ಮಾತನ್ನು ನನಗೆ ನಾನೇ ಬಹಳ ದಿನ ಹೇಳಿಕೊಂಡೆ. ವಹಿಯಲ್ಲಿ ಹಾಗೇ ಬರೆದೂ ಇಟ್ಟೆ. ಸುಳ್ಳು. ಎಡೆ ಬೇಕಾಗಿದ್ದದ್ದು ನನಗೆ. ರಶ್ಮಿ ಆ ಓಲೆಯನ್ನು ಕೊನೆಗೂ ಓದಿದಳು, ಚೆನ್ನಾಗಿದೆ ಆಂಟಿ ಅಂದಳು. ಅಷ್ಟಕ್ಕೇ ಆ ಸಾವು.

ಹೋದ ತಿಂಗಳು ನಿಮ್ಮ ಮನೆಯವರು, ನಮ್ಮ ಕಾಕು, ತೀರಿಕೊಂಡ ಸುದ್ದಿ ಕೇಳಿ ಬಂದಾಗ ಮನೆ ತುಂಬ ಜನ. ಯಾರೋ ಕೇಳಿದರು, ಒಬ್ಬರಿಗೂ ಕೆಟ್ಟದ್ದು ಮಾಡದ ಹೆಂಗಸಿಗೆ ದೇವರು ಹೀಗೇಕೆ ಮಾಡಿದನೆಂದು. ನೀವು ನನ್ನನ್ನು ತೋರಿಸಿದಿರಿ.

"ಇವರ ಮನಿ ಮೇಜಿನ ಮ್ಯಾಲ ಕಲತೀನಿ ನಾ. ಬೀಳೂದು ಬೀಳತದ. ಅದರಾಗ ಯಾರ ಸಿಟ್ಟೂ ಇರೂದಿಲ್ಲ. ಇದನ್ನ ಹಿಡಕೊಂಡ ಕುಂತೀನಿ ನೋಡ್ರಿ."

ಚಹಾದ ಲೋಟ ನನ್ನ ಕೈಯಲ್ಲಿತ್ತು. ತಲೆಯಾಡಿಸಿದೆ. ಅದು ಎರಡನೆಯ ಸುಳ್ಳು, ಮೊದಲಿನದಕ್ಕಿಂತ ದೊಡ್ಡದು.

ಅಂದಿನಿಂದ ಒಂದೇ ಯೋಚನೆ. ಹೇಳಿದರೆ ನೀವು ಹಿಡಿದು ಕೂತದ್ದನ್ನು ಕೈಯಿಂದ ಕಿತ್ತುಕೊಂಡಂತೆ. ಹೇಳದಿದ್ದರೆ ನನ್ನ ಸುಳ್ಳಿಗೆ ನಿಮ್ಮ ದುಃಖವನ್ನು ಆನಿಸಿ ನಿಲ್ಲಿಸಿದಂತೆ. ಯಾವುದು ಸರಿ ಎಂದು ಈಗಲೂ... ಆದರೆ ನಿಮ್ಮ ಬದಲು ನಾನೇ ರಟ್ಟಿನ ಹಿಂದೆ ಕೂತು ತೀರ್ಮಾನಿಸುವುದು, ನಿಮಗೆ ಏನು ಕಾಣಬೇಕು ಏನು ಬೇಡ ಎಂದು — ಅದನ್ನು ಒಮ್ಮೆ ಮಾಡಿದ್ದೇ ಸಾಕು.

ಸೀರೆ ಡಬ್ಬಿಯನ್ನು ರದ್ದಿಗೆ ಹಾಕಿದ್ದೇನೆ. ಬರುವ ಭಾನುವಾರ ನಮ್ಮಲ್ಲಿ ಆಟವಿಲ್ಲ. ಬೆಳಗಿನ ರೈಲಿಗೆ ದೌಂಡಕ್ಕೆ ಬರುತ್ತೇನೆ. ಈ ಹಾಳೆಗಳನ್ನು ನಿಮ್ಮೆದುರಿಗೇ ಓದುತ್ತೇನೆ. ಓದಿದ ಮೇಲೆ ನೀವು ಏನಂದರೂ, ಏನೂ ಅನ್ನದಿದ್ದರೂ, ಕೂತು ಕೇಳುತ್ತೇನೆ.

ಕಾಕು ಹೋದದ್ದರಲ್ಲಿ ಯಾರ ಸಿಟ್ಟೂ ಇರಲಿಲ್ಲ ಕಾಕಾ. ಸಿದ್ಧ ಹೋದದ್ದರಲ್ಲಿ ಇತ್ತು. ಅದು ನನ್ನದು.