ಬೇರಿನೊಳಗೆ ನಡೆದ ಬೆಂಕಿ

ಮರ ಮಾರುವುದು ಸುಲಭ. ವ್ಯಾಪಾರದವನು ಬಂದು ಸುತ್ತಳತೆ ಹಿಡಿಯುತ್ತಾನೆ, ಗರಗಸದ ಮಿಷನ್ನು ತರುತ್ತಾನೆ, ಲಾರಿ ತುಂಬಿಕೊಂಡು ಮೂಡಿಗೆರೆ ದಾರಿ ಹಿಡಿಯುತ್ತಾನೆ. ಬೊಡ್ಡೆಗಳನ್ನು ಮಾತ್ರ ನಮಗೇ ಬಿಟ್ಟು ಹೋಗುತ್ತಾನೆ. ಅದನ್ನೂ ನೆಲಕ್ಕೆ ಸಮನಾಗಿ ಕೊಯ್ದಿರುವುದಿಲ್ಲ. ಬಗ್ಗಿದರೆ ಸೊಂಟ ನೋಯುತ್ತದೆಂದು ಮೊಣಕಾಲೆತ್ತರಕ್ಕೆ ಕೊಯ್ದಿರುತ್ತಾರೆ. ನಮ್ಮ ಗುಡ್ಡದ ಸಿಲ್ವರ್ ಓಕ್ ಎಲ್ಲ ಹೋದ ಮೇಲೆ ಆ ಜಾಗ, ಮಣೆ ಹಾಕಿ ಕಾದರೂ ಊಟಕ್ಕೆ ಜನ ಬಾರದ ಮದುವೆ ಮನೆಯ ಹಾಗೆ ಕಾಣುತ್ತಿತ್ತು. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಗೆ ಕೇಳದಷ್ಟು ಜಾಗ ಅದು. ಎಲ್ಲಿ ನೋಡಿದರೂ ಬೊಡ್ಡೆ.

ಓಕ್ ನೆಟ್ಟವರು ನಮ್ಮ ಯಜಮಾನರು. ಅವರು ತೀರಿಕೊಂಡು ಬಹಳ ಕಾಲವಾಯಿತು. ಅಲ್ಲಿ ಕಾಫಿ ಹಾಕುತ್ತೇವೆಂದು ಹೊರಟವರು ಮಗಳು, ಅಳಿಯ. ಅಳಿಯ ಬಾಳೂರಿನ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು, ಆಳುಗಳ ಹಾಜರಿ ಬರೆಯುವ ಕೆಲಸ. ಅದನ್ನು ಬಿಟ್ಟು, ಅಲ್ಲಿ ಕೊಟ್ಟಿದ್ದ ಮನೆಯ ಬೀಗದಕೈ ಒಪ್ಪಿಸಿ, ಪಾತ್ರೆ ಹಾಸಿಗೆ ಸಮೇತ ನನ್ನ ಮನೆಗೆ ಬಂದರು.

"ಬೇರೆಯವ್ರ ಕಾಫಿ ನೋಡಿ ನೋಡಿ ಸಾಕಾಯ್ತು ಅತ್ತೆ" ಎಂದರು.

ನಾನು ಬೇಡ ಎನ್ನಲಿಲ್ಲ. ಬೇಕು ಎಂದೂ ಹೇಳಲಿಲ್ಲ.

ಮಗಳು ಬಂದ ಕೂಡಲೇ ಗುಡ್ಡದ ಬುಡದಲ್ಲಿ, ಹಳ್ಳದ ಪಕ್ಕ, ಒಂದು ಚಪ್ಪರ ಹಾಕಿ ಮೇಲೆ ಹಸಿರು ನೆಟ್ ಹೊದಿಸಿದಳು. ಅದರ ಕೆಳಗೆ ರೊಬಸ್ಟಾ ಬೀಜ ಮೊಳಕೆ ಬರಿಸಿ, ಒಂದೊಂದನ್ನೇ ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗೆ ಇಳಿಸಿ ಗಿಡ ಮಾಡಿದಳು. ಒಂದು ಮಳೆಗಾಲ ದಾಟಿಸಿದ ಗಿಡಗಳು. ಇನ್ನೊಂದು ಮಳೆಗಾಲ ಅಲ್ಲೇ ಇಟ್ಟರೆ ಬೇರು ತೊಟ್ಟೆಯೊಳಗೇ ಸುತ್ತಿಕೊಳ್ಳುತ್ತದೆ. ಆಮೇಲೆ ಎಲ್ಲಿ ನೆಟ್ಟರೂ ಮೇಲೇಳುವುದಿಲ್ಲ. ಹಾಗಾಗಿ ಮಳೆ ಹಿಡಿಯುವುದರೊಳಗೆ ಗುಡ್ಡ ಹಸನಾಗಬೇಕು, ಗಿಡ ನೆಲಕ್ಕೆ ಹೋಗಬೇಕು. ಗಿಡ ಸತ್ತರೆ ಅವರಿಬ್ಬರು ಮತ್ತೆ ಯಾರದೋ ಎಸ್ಟೇಟಿನ ಬಾಗಿಲಿಗೆ ಹೋಗಿ ನಿಲ್ಲಬೇಕು. ಇದು ನಮ್ಮ ಮೂವರಿಗೂ ಗೊತ್ತಿತ್ತು.

ಮೇಲಿನ ಚಪ್ಪಟೆ ಜಾಗದ ಬೊಡ್ಡೆಗಳನ್ನು ಜೆಸಿಬಿ ಕಿತ್ತುಹಾಕಿತು. ಅಲ್ಲಿ ಗಿಡದ ಗುಂಡಿಯನ್ನೂ ತೋಡಿಸಿ ಆಯಿತು. ಹಳ್ಳದ ಕಡೆಯ ಇಳಿಜಾರು ಬಂದಾಗ ಅದರ ಡ್ರೈವರ್ ಇಳಿದು, ಸೊಂಟದ ಮೇಲೆ ಕೈಯಿಟ್ಟು ನಿಂತ.

"ಇಲ್ಲಿ ಆಗಲ್ಲ ಅಜ್ಜಿ. ಗಾಡಿ ಪಲ್ಟಿ ಆದ್ರೆ ಮೊದ್ಲು ನನ್ನನ್ನ ಕೀಳ್ಬೇಕಾಗುತ್ತೆ."

"ನಿನ್ನನ್ನ ಕೀಳಕ್ಕೆ ಹಾರೆ ಸಾಕು. ಬೊಡ್ಡೆ ಕಿತ್ತು ಹೋಗು" ಎಂದೆ. ಅವನು ನಕ್ಕು ಗಾಡಿ ತಿರುಗಿಸಿಕೊಂಡು ಹೋದ.

ಉಳಿದದ್ದು ಕೈಯಲ್ಲೇ ಆಗಬೇಕಾಯಿತು. ಸುತ್ತ ಬಗೆದು, ಪಕ್ಕದ ಬೇರು ಕೊಡಲಿಯಲ್ಲಿ ಕಡಿದು, ಹಾರೆ ಕೊಟ್ಟು ಮೀಟುವುದು. ಬಿಟ್ಟುಬಿಡುವ ಹಾಗೂ ಇಲ್ಲ. ಬೊಡ್ಡೆ ಮಣ್ಣಿನಲ್ಲೇ ಕೊಳೆತರೆ ಆ ರೋಗ ಪಕ್ಕದ ಕಾಫಿ ಬೇರಿಗೆ ಹತ್ತುತ್ತದೆ, ಗಿಡ ನಿಂತಲ್ಲೇ ಹಳದಿಯಾಗಿ ಸಾಯುತ್ತದೆ. ಓಕ್ ಬೊಡ್ಡೆಗಳು ಹೇಗೋ ಎದ್ದವು. ಏಳದೇ ಇದ್ದದ್ದು ಒಂದು ಗೋಣಿ ಮರದ ಬೊಡ್ಡೆ. ಯಜಮಾನರು ಇರುವಾಗಲೇ ಕಡಿಸಿದ್ದ ಮರ. ಒಣಗಿ ಸುಕ್ಕಾಗಿತ್ತು, ಅಗಲ ಮಾತ್ರ ಒಂದು ಕೋಣೆಯಷ್ಟಿತ್ತು. ಕೊಡಲಿ ಹಾಕಿದರೆ ಕೊಡಲಿಯೇ ಹಾರುತ್ತಿತ್ತು.

ಸುಡೋಣ ಎಂದಳು ಮಗಳು. ಇಲ್ಲಿ ಎಲ್ಲರೂ ಮಾಡುವುದು ಅದೇ. ಸುತ್ತ ಗುಂಡಿ ತೆಗೆದು, ಓಕಿನ ಒಣ ರೆಂಬೆ ತುಂಬಿ ಬೆಂಕಿ ಕೊಟ್ಟರು. ಚೆನ್ನಾಗಿ ಹಿಡಿಯಿತು. ಸಂಜೆಗೆ ಹಳ್ಳದ ಕಡೆಯಿಂದ ಗಾಳಿ ಏಳುತ್ತಿದ್ದಂತೆ ಇಬ್ಬರೂ ಬುಟ್ಟಿಯಲ್ಲಿ ಮಣ್ಣು ಹೊತ್ತು ಅದರ ಮೇಲೆ ಸುರಿದರು. ಹೊಗೆ ನಿಲ್ಲುವ ತನಕ ಸುರಿದರು. ನಾನು ಅಲ್ಲೇ ಕೂತು ನೋಡುತ್ತಿದ್ದೆ. ಆರಿತು ಎಂದುಕೊಂಡು ಮನೆಗೆ ಬಂದೆವು.

ಕೆಲವು ದಿನ ಕಳೆದು, ಬೆಳಗಿನ ಕೆಲಸ ಮುಗಿಸಿ, ಚಪ್ಪರದ ಗಿಡಕ್ಕೆ ನೀರು ಹಾಕಲು ಮಗಳ ಹಿಂದೆ ನಾನೂ ಹೊರಟೆ. ನಾನು ಚಪ್ಪಲಿ ಹಾಕುವವಳಲ್ಲ. ಬೊಡ್ಡೆಯಿಂದ ಇತ್ತ, ಚಪ್ಪರದ ಕಡೆಗೆ ಸುಮಾರು ಅರ್ಧ ದಾರಿಯಲ್ಲಿ ಅಂಗಾಲು ಬೆಚ್ಚಗಾಯಿತು. ಬಿಸಿಲಿನ್ನೂ ಏರಿರಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕಿಟ್ಟೆ, ತಣ್ಣಗಿತ್ತು. ತಿರುಗಿ ಇಟ್ಟೆ, ಸುಟ್ಟಿತು.

"ಏ, ಇಲ್ಲಿ ಬಾ. ಚಪ್ಪಲಿ ಬಿಟ್ಟು ನಿಲ್ಲು."

"ಎಂಥದವ್ವ, ಮುಳ್ಳು ಚುಚ್ತಾ?"

"ನಿಲ್ಲು ಅಂದೆ."

ನಿಂತಳು. ತಟ್ಟನೆ ಕಾಲೆತ್ತಿದಳು.

"ಮಣ್ಣು ಹಾಕಿದ್ವಲ್ಲ. ಹೊಗೆನೇ ಇರ್ಲಿಲ್ಲ."

ಬಚ್ಚಲೊಲೆಯಲ್ಲಿ ನಾನು ದಿನಾ ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿ ಮಲಗುತ್ತೇನೆ. ಬೆಳಿಗ್ಗೆ ಬೂದಿ ಕೆದಕಿ ಊದಿದರೆ ಬೆಂಕಿ ಅಲ್ಲೇ ಇರುತ್ತದೆ. ಬೆಂಕಿ ಉಳಿಯಲಿ ಎಂದೇ ಮುಚ್ಚುವುದು. ಮನೆಯಲ್ಲಿ ಉಳಿಸುವುದಕ್ಕೆ ಮಾಡುವ ಕೆಲಸವನ್ನೇ ಗುಡ್ಡದಲ್ಲಿ ಆರಿಸುವುದಕ್ಕೆ ಮಾಡಿ ಬಂದಿದ್ದೆವು. ಮಣ್ಣಿನಡಿ ಬೆಂಕಿ ಬೊಡ್ಡೆಯನ್ನು ತಿಂದು, ಒಣ ಬೇರು ಹಿಡಿದು, ಚಪ್ಪರದ ಕಡೆಗೇ ಹೊರಟಿತ್ತು.

ಮಗಳು ಗಂಡನನ್ನು ಕೂಗಿದಳು. ಅವರು ಗುದ್ದಲಿ ಹಿಡಿದು ಓಡಿ ಬಂದರು. ನಾನು ಮಂಡಿಯೂರಿ ನೆಲಕ್ಕೆ ಅಂಗೈ ಇಟ್ಟುಕೊಂಡು ಮುಂದೆ ಸರಿದೆ. ಬಿಸಿ, ಬಿಸಿ, ಉಗುರುಬೆಚ್ಚಗೆ, ತಣ್ಣಗೆ. ಬೆಂಕಿ ಅಲ್ಲಿಗೆ ಬಂದಿದೆ ಎಂದು ಅಂದಾಜು ಮಾಡಿ, ಅದರ ಮುಂದೆ ಅಡ್ಡಕ್ಕೆ ಚರಂಡಿ ತೋಡಲು ಹೇಳಿದೆ. ಬೇರು ಕಡಿದರೆ ಬೆಂಕಿಗೆ ದಾರಿಯಿಲ್ಲ.

ಅಳಿಯ ತೋಡಿದರು. ಬೇರು ಸಿಕ್ಕಿತು, ತೊಡೆಯ ಗಾತ್ರ. ಕಡಿದರು. ಮಗಳು ಹಿಂದಿನ ಬಿಸಿ ನೆಲದ ಬಿರುಕಿಗೆ ಒಂದು ಕೊಡ ನೀರು ಹೊಯ್ದಳು. ಒಳಗೆಲ್ಲೋ ಗುಡುಗಿದ ಹಾಗಾಗಿ ಹಬೆ ಎದ್ದಿತು. ಏನಾಯಿತೆಂದು ನೋಡಲು ಅಳಿಯ ಒಂದು ಹೆಜ್ಜೆ ಆ ಬಿರುಕಿನ ಕಡೆಗೆ ಇಟ್ಟರು, ನೆಲ ಕುಸಿಯಿತು. ಬೇರು ಉರಿದುಹೋಗಿ ಅಡಿಯಲ್ಲಿ ಬರೀ ಪೊಳ್ಳು. ಮೊಣಕಾಲಿನ ತನಕ ಕಾಲು ಒಳಗೆ. ನಾನೊಂದು ತೋಳು, ಅವಳೊಂದು ತೋಳು ಹಿಡಿದು ಎಳೆದೆವು. ಕಾಲು ಬಂತು, ಗಂಬೂಟು ಮೆತ್ತಗಾಗಿ ನಾರುತ್ತಿತ್ತು.

"ಸುಟ್ಟಿತಾ?"

"ಇಲ್ಲ ಅತ್ತೆ. ಬೂಟಿಗೇ ಆಯ್ತು."

"ಹಂಗಾದ್ರೆ ಗುದ್ದಲಿ ತಗೊಳ್ಳಿ."

ಅವರು ಗುದ್ದಲಿ ಎತ್ತುವಾಗ ಮಗಳು ಕೈ ತೋರಿಸಿದಳು. ನಾವು ತೋಡಿದ ಚರಂಡಿಯಿಂದ ಆಚೆ, ಎಡಕ್ಕೆ, ದರಗಿನ ನಡುವೆ ಬೆಳ್ಳಗೆ ಒಂದು ಎಳೆ ಹೊಗೆ. ಬೇರಿಗೆ ಕವಲು ಇತ್ತು. ಒಂದನ್ನು ಕಡಿದಿದ್ದೆವು, ಇನ್ನೊಂದು ಚರಂಡಿಯ ತುದಿ ಬಳಸಿಕೊಂಡು ಮುಂದೆ ಹೋಗಿತ್ತು. ಅಲ್ಲಿಂದ ಚಪ್ಪರದ ಕಂಬಕ್ಕೆ ಒಂದು ಆಡು ಕಟ್ಟುವ ಹಗ್ಗದಷ್ಟು ದೂರ. ನಡುವೆ ಪೂರಾ ಒಣ ಎಲೆಯ ದರಗು. ಗಾಳಿ ಬೇರೆ ಏಳುತ್ತಿತ್ತು.

ಮಗಳು ಚಪ್ಪರದೊಳಗೆ ಓಡಿ, ತೊಟ್ಟೆಗಳನ್ನು ಮಡಿಲಿಗೆ ತುಂಬಿಕೊಳ್ಳತೊಡಗಿದಳು.

"ಅದನ್ನ ಬಿಡು, ದರಗು ಗುಡಿಸು" ಎಂದೆ. "ಗಿಡ ಹೊತ್ಕೊಂಡು ಎಲ್ಲಿಗೆ ಹೋಗ್ತೀಯ? ಬಿಸಿಲಲ್ಲಿ ಇಟ್ರೆ ಸಂಜೆ ಒಳಗೆ ಸಾಯ್ತವೆ."

"ಬೆಂದು ಸಾಯೋದಕ್ಕಿಂತ ಬಾಡಿ ಸಾಯ್ಲಿ ಬಿಡವ್ವ."

"ನಿನ್ ತಲೆ."

"ನನ್ ಗಿಡ" ಎಂದಳು. ತಿರುಗಿ ನೋಡಲಿಲ್ಲ.

ಅಳಿಯ ನಮ್ಮಿಬ್ಬರ ನಡುವೆ ನಿಂತಿದ್ದರು. "ಮೇಲೆ ಗುಂಡಿ ಇದ್ಯಲ್ಲ ಅತ್ತೆ. ತೊಟ್ಟೆ ಸಮೇತ ಗುಂಡಿಯೊಳಗೆ ಇಟ್ಟು ಮೇಲೆ ಸೊಪ್ಪು ಹೊದಿಸೋಣ. ತಂಪು ಇರುತ್ತೆ."

ನನಗೆ ಹೊಳೆಯದ ಮಾತು. "ಹಂಗೇ ಮಾಡಿ" ಎಂದೆ. ಅವರಿಬ್ಬರೂ ಬುಟ್ಟಿ ತುಂಬಿಕೊಂಡು ಗುಡ್ಡ ಹತ್ತಿದರು. ಏದುಸಿರು ಬಿಡುತ್ತಾ ಇಳಿದರು, ಮತ್ತೆ ಹತ್ತಿದರು. ನಾನು ಒಬ್ಬಳೇ ಹಸಿ ರೆಂಬೆ ಮುರಿದುಕೊಂಡು ಕಂಬದ ಸುತ್ತ ದರಗು ಗುಡಿಸಿದೆ. ಒಂದು ಕಡೆ ಗುಡಿಸಿದರೆ ಗಾಳಿ ಇನ್ನೊಂದು ಕಡೆಯಿಂದ ತಂದು ಹಾಕುತ್ತಿತ್ತು.

ಹೊಗೆ ನೋಡಿ ಪಕ್ಕದ ತೋಟದ ಮೇಸ್ತ್ರಿ ಬಂದ. ಜೀಪಿನ ಹಿಂದೆ ಔಷಧಿ ಹೊಡೆಯುವ ಪಂಪು, ಒಂದು ಡ್ರಮ್ಮು ನೀರು. ಇಲ್ಲಿ ಬೆಂಕಿ ಎದ್ದರೆ ಅವನು ನೋಡಿಕೊಳ್ಳುವ ಕಾಫಿಗೂ ಬರುತ್ತದೆ, ಅದಕ್ಕೇ ಬಂದದ್ದು.

"ಏನಜ್ಜಿ, ನೆಲದೊಳಗೆ ಇದ್ದಿಲು ಮಾಡ್ತಿದ್ದೀರಾ? ಹೇಳಿದ್ರೆ ನಾನೂ ಒಂದು ಮೂಟೆ ತಗೋತಿದ್ದೆ."

"ನಗಾಡೋದು ಆಮೇಲೆ ಮಾರಾಯ. ಪೈಪು ಎಳಿ."

ಅವನು ಪೈಪು ಎಳೆದು, ಪಂಪಿನ ಹಗ್ಗಕ್ಕೆ ಕೈಹಾಕಿದ. ಎಳೆದ, ಕೆಮ್ಮಿತು. ಮತ್ತೆ ಎಳೆದ, ಕೆಮ್ಮಿತು. ಅಷ್ಟರಲ್ಲಿ ಮೂಲೆಯ ಕಂಬದ ಬುಡದಲ್ಲಿ ಬೆಂಕಿ ಹೊರಗೆ ಬಂತು. ದೊಡ್ಡ ಬೆಂಕಿಯೇನಲ್ಲ, ದೀಪದ ಕುಡಿಯಷ್ಟು. ಅದು ಕಂಬ ಹತ್ತಿತು, ನೆಟ್ಟಿನ ಅಂಚು ಹಿಡಿಯಿತು. ನೈಲಾನು ಕರಗಿ ಕಪ್ಪು ಹನಿ ಹನಿಯಾಗಿ ಗಿಡದ ಮೇಲೆ ಬೀಳತೊಡಗಿತು. ಹನಿ ಬಿದ್ದಲ್ಲೆಲ್ಲ ತೊಟ್ಟೆ ಉರಿಯುತ್ತಿತ್ತು.

ಸೊಂಟದಲ್ಲಿ ಕತ್ತಿ ಇತ್ತು. ನೆಟ್ಟು ಕಟ್ಟಿದ್ದ ಹಗ್ಗ ಒಂದೊಂದೇ ಕಡಿದೆ. ಈ ಕಡೆಯದು, ನಡುವಿನದು, ಹಳ್ಳದ ಕಡೆಯದು. ಕೊನೆಯದು ಎಟುಕಲಿಲ್ಲ. ಮಗಳು ಯಾವಾಗ ಇಳಿದು ಬಂದಿದ್ದಳೋ, ನನ್ನ ಕೈಯಿಂದ ಕತ್ತಿ ಕಿತ್ತುಕೊಂಡು ಹಾರಿ ಕಡಿದಳು. ಇಬ್ಬರೂ ಸೇರಿ ನೆಟ್ಟನ್ನು ಹಳ್ಳದ ಕಡೆಗೆ ಎಳೆದೆವು. ಉರಿಯುವ ತುದಿ ಕೊನೆಯ ಸಾಲಿನ ಮೇಲೆ ಬಿತ್ತು. ಆಗ ಪಂಪು ಹಿಡಿಯಿತು. ಮೇಸ್ತ್ರಿ ಮೊದಲು ನಮ್ಮನ್ನು ತೋಯಿಸಿದ, ಆಮೇಲೆ ಬೆಂಕಿಯನ್ನು.

ಡ್ರಮ್ಮು ಖಾಲಿಯಾದ ಮೇಲೆ ಹಳ್ಳದಿಂದ ತುಂಬಿದರು. ಅಳಿಯ ಎರಡನೇ ಕವಲನ್ನೂ ಹುಡುಕಿ ಕಡಿದರು. ಆಮೇಲೆ ಬೊಡ್ಡೆಯ ಮೇಲಿನ ಮಣ್ಣನ್ನೆಲ್ಲ ತೆಗೆಸಿದೆ. ಮುಚ್ಚಿದ್ದನ್ನು ಬಿಚ್ಚಿ, ಬೊಡ್ಡೆ ಹೋಗಿ ಉಳಿದಿದ್ದ ಕೆಂಡ ಕಪ್ಪಾಗುವ ತನಕ ನೀರು ಹೊಯ್ಯಿಸಿದೆ.

ಕೊನೆಯ ಸಾಲು ಪೂರಾ ಹೋಗಿತ್ತು, ಅದರ ಪಕ್ಕದ್ದು ಅರೆಬರೆ. ಮಗಳು ಬೂದಿಯ ಮುಂದೆ ಕೂತು ಎಣಿಸಲು ಶುರು ಮಾಡಿದಳು.

"ಎಣಿಸಬೇಡ" ಎಂದೆ. "ಗುಂಡಿಲಿ ಇರೋದಕ್ಕೆ ಸೊಪ್ಪು ಹೊದಿಸು, ಹೋಗು."

ಚಪ್ಪರ ಮತ್ತೆ ಕಟ್ಟಲಿಲ್ಲ. ಗಿಡಗಳನ್ನು ಗುಂಡಿಯಲ್ಲೇ ಬಿಟ್ಟೆವು. ಮಳೆಗೆ ಮೊದಲು ಯಾರೂ ಗಿಡವನ್ನು ಗುಡ್ಡದ ಮೇಲೆ ಇಡುವುದಿಲ್ಲ. ಹೊರನಾಡಿನ ದೇವಸ್ಥಾನಕ್ಕೆ ಹೋಗುವವರು ಕೂಡ ಜೀಪು ನಿಲ್ಲಿಸಿ, ಇದೇನು ಈಗ ಗಿಡ ಇಟ್ಟಿದ್ದೀರಿ ಎಂದು ಕೇಳಿ ಹೋಗುತ್ತಿದ್ದರು. ಮಳೆ ಆ ಸಲ ಬೇಕೆಂದೇ ತಡಮಾಡಿತು. ಬೆಳಿಗ್ಗೆ ಸಂಜೆ ಹಳ್ಳದಿಂದ ನೀರು ಹೊತ್ತೆವು. ಮಗಳ ಹೆಗಲು ಬಾತುಕೊಂಡಿತು. ಮೋಡ ನೋಡುವುದು, ಬೈಯುವುದು, ಕೊಡ ಎತ್ತುವುದು. ಅಳಿಯ ಒಂದು ದಿನ ಗುಂಡಿಯ ಪಕ್ಕ ಕೂತು, ಬಾಳೂರಿನಲ್ಲಿ ತಮ್ಮ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲವಂತೆ ಎಂದರು. ಮಗಳು ಕೇಳಿಸಿಕೊಂಡೂ ಕೇಳದವಳ ಹಾಗೆ ನೀರು ಹೊಯ್ಯುತ್ತಿದ್ದಳು. ನಾನು ಮುಂದಿನ ಕೊಡ ಎತ್ತಿದೆ. ಮಾತು ಅಲ್ಲಿಗೇ ನಿಂತಿತು.

ಮಳೆ ಹಿಡಿಯಿತು. ಹಿಡಿದ ದಿನವೇ, ಕಂಬಳಿಕೊಪ್ಪೆ ಹಾಕಿಕೊಂಡು, ತೊಟ್ಟೆ ಹರಿದು, ಇದ್ದ ಗುಂಡಿಯಲ್ಲೇ ನೆಟ್ಟರು. ನೀರಿಲ್ಲದೆ ಕೆಲವು ಸತ್ತಿದ್ದವು. ಹೆಚ್ಚಿನವು ಎಲೆ ಉದುರಿಸಿಕೊಂಡು ನಿಂತಿದ್ದವು, ಆಮೇಲೆ ಚಿಗುರಿದವು. ಈಗ ನನ್ನ ಸೊಂಟದ ಎತ್ತರ ಬಂದಿವೆ. ಅಳಿಯ ಬಾಳೂರಿನ ಮಾತು ಮತ್ತೆ ಎತ್ತಿಲ್ಲ.

ಆ ವರ್ಷದ ಮಳೆಗಾಲ ಮುಗಿದು ನೆಲ ಗಟ್ಟಿಯಾದ ಮೇಲೆ ಜೆಸಿಬಿಯ ಆ ಡ್ರೈವರ್ ಪಕ್ಕದ ತೋಟದ ಕೆಲಸಕ್ಕೆ ಬಂದವನು ಇಲ್ಲಿಗೂ ಬಂದ. ಈ ಸಲ ದೊಡ್ಡ ಮಿಷನ್ನು ಬಂದಿದೆ, ಆ ಗೋಣಿ ಬೊಡ್ಡೆ ಕಿತ್ತುಕೊಡುತ್ತೇನೆ ಎಂದ. ಕರೆದುಕೊಂಡು ಹೋಗಿ ತೋರಿಸಿದೆ. ಬೊಡ್ಡೆ ಇದ್ದಲ್ಲಿ ಒಂದು ಗುಳಿ, ಗುಳಿಯಲ್ಲಿ ನೀರು.

"ಎಲ್ಲಿ ಅಜ್ಜಿ ಬೊಡ್ಡೆ?"

"ತಾನೇ ಹೋಯ್ತು."

"ಹಂಗಾದ್ರೆ ಸುಲಭ ಆಯ್ತಲ್ಲ ನಿಮ್ಗೆ."

ಮಗಳು ಹಿಂದೆಯೇ ನಿಂತಿದ್ದಳು. ಕೈಯಲ್ಲಿ ಗುದ್ದಲಿಯೂ ಇತ್ತು. ಅವಳು ಬಾಯಿ ತೆರೆಯುವ ಮೊದಲು ಅವನನ್ನು ಕಾಫಿ ಕುಡಿಯಲು ಮನೆಗೆ ಕರೆದುಕೊಂಡು ಬಂದೆ.