ಹುಣಸಿದಿನ್ನಿಗೆ ಒಂದು ಸಾಲು

ಬಡವರ ಗುಡಿಸಲಿಗೆ ಸರ್ಕಾರ ಒಂದೊಂದು ಬಲ್ಬು ಕೊಟ್ಟ ಕಾಲದಲ್ಲಿ ದೇವರ ಹಿಪ್ಪರಗಿಯ ಸಿದ್ದವ್ವನಿಗೆ ಮಗಳು ಹುಟ್ಟಿದಳು. ಗುಡಿಸಲು ಬೆಳಗಿದ ಖುಷಿಗೆ ಸಿದ್ದವ್ವ ಯೋಜನೆಯ ಹೆಸರನ್ನೇ ಕೂಸಿಗಿಟ್ಟಳು: ಭಾಗ್ಯಜ್ಯೋತಿ. ಶಾಲೆಯಲ್ಲಿ ಹುಡುಗರು ‘ಬಲ್ಬು’ ಎಂದು ಕರೆದರು. “ಹೌದು ಬಲ್ಬು, ಕೈ ಹಚ್ಚಿ ನೋಡು, ಸುಡ್ತೈತಿ” ಎಂದು ತಿರುಗಿ ಅನ್ನುವುದನ್ನು ಅವಳು ಅಲ್ಲೇ ಕಲಿತಳು.

ಪಿಯುಸಿ ಆದಮೇಲೆ ಬಿಜಾಪುರದ ಒಂದು ಕಂಪ್ಯೂಟರ್ ಕ್ಲಾಸು ಸೇರಿದಳು. ಜಾವಾ ಕಲಿಸುತ್ತೇವೆಂದು ಬೋರ್ಡು ಹಾಕಿದ್ದವರು ಅರ್ಧ ಕಲಿಸಿ, ಪೂರ್ತಿ ಫೀಸು ಎಣಿಸಿಕೊಂಡು ಬಾಗಿಲು ಹಾಕಿದರು. ಆ ಅರ್ಧ ಜಾವಾದ ಬಲದ ಮೇಲೆ, ಎರಡು ಸಾವಿರದ ಆರರಲ್ಲಿ, ಬಸವನ ಬಾಗೇವಾಡಿಯಲ್ಲಿ ಸರ್ಕಾರಿ ಪ್ರಮಾಣಪತ್ರಗಳಿಗೆ ಅರ್ಜಿ ಪಡೆಯುವ ಕೇಂದ್ರದಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು. ಕೇಂದ್ರ ಒಂದು ಖಾಸಗಿ ಕಂಪನಿಯದು, ಕುರ್ಚಿ ಸರ್ಕಾರದ್ದು, ಬೈಗುಳ ಮಾತ್ರ ಕೌಂಟರಿನಲ್ಲಿ ಕೂತವಳ ಪಾಲಿಗೆ.

ಅಲ್ಲಿ ಕಾಗದ ಹಿಡಿದು ಮೇಜಿನಿಂದ ಮೇಜಿಗೆ ಓಡುವ ಕೆಲಸವನ್ನು ಜಾವಾ ಪ್ರೋಗ್ರಾಮು ಮಾಡುತ್ತಿತ್ತು. ಕೌಂಟರಿನಲ್ಲಿ ಟೈಪಾದ ಅರ್ಜಿ ಮೊದಲು ಊರಿನ ಲೆಕ್ಕ ನೋಡುವ ತಲಾಟಿಯ ಕಂಪ್ಯೂಟರಿಗೆ, ಆಮೇಲೆ ಕಂದಾಯದ ಸರ್ಕಲ್ ಸಾಹೇಬರಿಗೆ, ಕೊನೆಗೆ ಸಹಿಯ ಮೇಜಿಗೆ. ಯಾವ ಊರಿನ ಅರ್ಜಿ ಯಾರಿಗೆ ಹೋಗಬೇಕೆಂದು ಹೇಳುವುದು ಒಂದು ಸಣ್ಣ ಕಾನ್ಫಿಗರೇಶನ್ ಫೈಲು. ಊರಿಗೊಂದು ಸಾಲು, ಅಷ್ಟೇ. ಬೆಳಿಗ್ಗೆ ಭಾಗ್ಯಜ್ಯೋತಿ ಹಿಂದಿನ ಕೋಣೆಯ ಸರ್ವರ್ ಚಾಲೂ ಮಾಡಿದಾಗ ಪ್ರೋಗ್ರಾಮು ಆ ಫೈಲನ್ನು ಒಮ್ಮೆ ಓದಿಕೊಳ್ಳುತ್ತಿತ್ತು. ಬಂದ್ ಮಾಡುವತನಕ ಮತ್ತೆ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ಬೆಳಿಗ್ಗೆ ಓದಿಕೊಂಡದ್ದೇ ಅದರ ಪಾಲಿಗೆ ಜಗತ್ತು.

ಆ ಜಗತ್ತಿನಲ್ಲಿ ಹುಣಸಿದಿನ್ನಿ ಇರಲಿಲ್ಲ. ಕಂಪನಿಯವರು ಎಲ್ಲೋ ತಂಪು ಕೋಣೆಯಲ್ಲಿ ಕೂತು, ಆಲಮಟ್ಟಿ ಅಣೆಕಟ್ಟಿನ ನೀರು ಏರಿದ ಮೇಲಿನ ನಕಾಶೆ ನೋಡಿ ಊರುಗಳನ್ನು ಬರೆದಿದ್ದರು. ಹುಣಸಿದಿನ್ನಿ ಇದ್ದ ಜಾಗದಲ್ಲಿ ನಕಾಶೆಗೆ ನೀಲಿ ಬಣ್ಣ. ನೀಲಿ ಬಣ್ಣಕ್ಕೆ ಯಾರು ಸಾಲು ಬರೆಯುತ್ತಾರೆ? ಆ ಊರಿನ ಜನ ನಿಡಗುಂದಿಯ ಆಚೆ ದಿಬ್ಬದ ಮೇಲೆ ಮನೆ ಕಟ್ಟಿಕೊಂಡು, ಅದಕ್ಕೂ ಹುಣಸಿದಿನ್ನಿ ಎಂದೇ ಹೆಸರಿಟ್ಟು ಬಾಳುತ್ತಿದ್ದರು. ಓಟು ಕೇಳಲು ಬರುವವರಿಗೆ ಆ ದಾರಿ ಗೊತ್ತಿತ್ತು. ಪ್ರೋಗ್ರಾಮಿಗೆ ಗೊತ್ತಿರಲಿಲ್ಲ. ಅಲ್ಲಿನವರ ಅರ್ಜಿ ಹಾಕಿದರೆ ‘ಊರು ಲಭ್ಯವಿಲ್ಲ’ ಎಂಬ ಷರಾ ಹೊತ್ತು ಕೌಂಟರಿಗೇ ವಾಪಸು ಬರುತ್ತಿತ್ತು.

ಮರುವರ್ಷದ ಬೇಸಿಗೆಯಲ್ಲಿ ಆ ಊರಿನ ರೇವವ್ವ ಮಗಳು ಸುನೀತಾಳನ್ನು ಕರೆದುಕೊಂಡು ಬಂದಳು. ಸುನೀತಾ ನರ್ಸಿಂಗ್ ಮುಗಿಸಿದ್ದಳು. ಮುಳುಗಡೆ ಸಂತ್ರಸ್ತರಿಗೆ ಮೀಸಲಾದ ನೌಕರಿಯೊಂದಿತ್ತು, ಶುಕ್ರವಾರದೊಳಗೆ ಸಂತ್ರಸ್ತರ ಪ್ರಮಾಣಪತ್ರ ಕೊಡಬೇಕಿತ್ತು. ಅರ್ಜಿ ಆಗಲೇ ಎರಡು ಸಲ ವಾಪಸು ಬಂದಿತ್ತು. ಊರು ಸೇರಿಸಿರೆಂದು ಭಾಗ್ಯಜ್ಯೋತಿ ಕಂಪನಿಗೆ ಬರೆದರೆ, ‘ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸಲಾಗುವುದು’ ಎಂಬ ಉತ್ತರ. ಜನರ ಆಯುಷ್ಯ ಇವರ ಆವೃತ್ತಿಗಾಗಿ ಕಾಯಬೇಕು!

ಕಂಪನಿಯ ಸೂಪರ್‌ವೈಸರ್ ಅನೀಲಕುಮಾರ ಹಾದಿ ತೋರಿಸಿದ. “ನಿಡಗುಂದಿ ಅಂತ ಹಾಕಿ ಕಳಸ್ರಿ. ಎಲ್ಲಾ ಕಡೆ ಹಂಗ ಮಾಡಾಕತ್ತಾರ.”

“ನಿಡಗುಂದಿ ಮುಳುಗಿಲ್ಲಲ್ರಿ ಸರ್,” ಎಂದಳು ಸುನೀತಾ. “ಹಂಗ ಹಾಕಿದ್ರ ನಾ ಸಂತ್ರಸ್ತಿ ಹೆಂಗ ಆಗ್ತೇನಿ?”

“ನಿಮ್ಮೂರು ಇಲ್ಲವ್ವಾ. ಇಲ್ಲದ್ದನ್ನ ಎಲ್ಲಿಂದ ತರೂಣು?”

ರೇವವ್ವ ಕೌಂಟರಿನ ಕಟ್ಟೆಗೆ ಕೈಯೂರಿದಳು. “ನಮ್ಮೂರು ನೀರಾಗ ಐತಿ ತಮ್ಮಾ. ಇಲ್ಲ ಅಂತ ಯಾರಂದ್ರು? ನಿಮಗ ಕರೆಂಟ್ ಕೊಡಾಕ ಮುಳಗೇತಿ. ಆ ಕರೆಂಟಿನ್ಯಾಗ ಕುಂತು ಇಲ್ಲ ಅನ್ನಾಕತ್ತಿ.”

ಅನೀಲಕುಮಾರ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ. ಆಮೇಲೆ ಭಾಗ್ಯಜ್ಯೋತಿಯತ್ತ ತಿರುಗಿ, “ಆ ಫೈಲ್ ಮುಟ್ಟೀರಿ ಮತ್ತ. ಮುಟ್ಟಿದ್ರ ಮನಿಗೆ ಹೋಗೂದ ನೋಡ್ರಿ” ಎಂದು ಚಹಾ ಕುಡಿಯಲು ಹೋದ.

ಮುಟ್ಟಬೇಡ ಎಂದದ್ದೇ ಆಯಿತು, ಭಾಗ್ಯಜ್ಯೋತಿಯ ತಲೆ ಓಡತೊಡಗಿತು. ಕಂಪನಿಯ ಫೈಲು ಪ್ರೋಗ್ರಾಮಿನ ಗಂಟಿನೊಳಗೇ ಕಟ್ಟಿ ಬಂದದ್ದು. ಆದರೆ ಪ್ರೋಗ್ರಾಮು ಏಳುವಾಗ ಮೊದಲು ಹೊರಗಿನ ಒಂದು ಫೋಲ್ಡರಿನಲ್ಲಿ ಅದೇ ಹೆಸರಿನ ಫೈಲಿದೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ ಮಾತ್ರ ಗಂಟು ಬಿಚ್ಚುತ್ತದೆ. ಇಷ್ಟನ್ನು ಅವಳು ಅರ್ಧ ಜಾವಾದಲ್ಲೇ ಕಲಿತಿದ್ದಳು. ಹೊರಗಿನ ಫೋಲ್ಡರಿನಲ್ಲಿ ಹೊಸ ಫೈಲು ಮಾಡಿ, ಹುಣಸಿದಿನ್ನಿಗೆ ಒಂದು ಸಾಲು ಬರೆದು, ಕೌಂಟರಿಗೆ ಪಾಳಿ ಹಚ್ಚಿದ್ದ ಜನರನ್ನು ನಿಲ್ಲಿಸಿಯೇ ಸರ್ವರ್ ಬಂದ್ ಮಾಡಿ ಚಾಲೂ ಮಾಡಿದಳು. ಸುನೀತಾಳ ಅರ್ಜಿ ಹೋಯಿತು. ತಲಾಟಿಯ ಕಂಪ್ಯೂಟರಿಗೆ ಮುಟ್ಟಿದೆ ಎಂದು ತೆರೆಯ ಮೇಲೆ ಬಂತು.

ಮುಂದಿನವರು ನಿಡಗುಂದಿಯ ಬಸಂತರಾಯಗೌಡರು, ನಲವತ್ತು ಎಕರೆ ನೀರಾವರಿಯ ಧಣಿ. ಅವರ ಅರ್ಜಿ ಒತ್ತಿದರೆ ‘ಊರು ಲಭ್ಯವಿಲ್ಲ’.

“ಏನಂದಿ? ನಿಡಗುಂದಿ ಇಲ್ಲಾ?”

ಅವರ ಹಿಂದಿದ್ದ ಹಜರಾಬಿಯ ಊರು ಬಾಗೇವಾಡಿಯೇ. ಅದೂ ಇಲ್ಲ. “ಬಾಗೇವಾಡಿನೂ ಇಲ್ಲಂತ,” ಎಂದಳು ಹಜರಾಬಿ ಪಾಳಿಯತ್ತ ತಿರುಗಿ. “ಹಂಗಾರ ನಾವೆಲ್ಲಾ ಎಲ್ಲಿ ನಿಂತೇವಿ ಅಂತ ಯಾರರೆ ಹೇಳ್ರೆವ್ವಾ.”

ಭಾಗ್ಯಜ್ಯೋತಿ ಹೊರಗಿನ ಫೈಲನ್ನು ತೆರೆದು ನೋಡಿದಳು. ಕಲಿಯದೆ ಉಳಿದ ಅರ್ಧ ಈಗ ಎದುರು ಬಂದು ನಿಂತಿತ್ತು. ಪ್ರೋಗ್ರಾಮು ಹೊರಗಿನ ಫೈಲನ್ನು ಒಳಗಿನದರ ಜೊತೆ ಕೂಡಿಸುವುದಿಲ್ಲ. ಹೊರಗೆ ಒಂದು ಸಿಕ್ಕರೆ ಅದೇ ಪೂರ್ತಿ ಸತ್ಯ. ಅವಳು ಬರೆದದ್ದು ಒಂದೇ ಊರು. ಉಳಿದ ತಾಲೂಕೆಲ್ಲ ಒಂದೇ ಏಟಿಗೆ ಮುಳುಗಿತ್ತು.

ಗದ್ದಲ ಕೇಳಿ ಅನೀಲಕುಮಾರ ಚಹಾ ಬಿಟ್ಟು ಓಡಿಬಂದ. “ತಗೀರಿ ಅದನ್ನ. ಮೊದಲ ಇದ್ದಂಗ ಮಾಡ್ರಿ, ಈಗಿಂದೀಗ.”

ತೆಗೆಯುವುದು ಸುಲಭವಿತ್ತು. ಹೊರಗಿನ ಫೈಲು ಅಳಿಸಿದರೆ ಎಲ್ಲರ ಊರೂ ವಾಪಸು, ಎಲ್ಲರ ಬಾಯಿಯೂ ಬಂದ್. ಆದರೆ ಸುನೀತಾಳ ಅರ್ಜಿ ತಲಾಟಿಯ ಬಳಿಯಷ್ಟೇ ಮುಟ್ಟಿತ್ತು. ಸಾಲು ಹೋದರೆ ಅದು ಅಲ್ಲಿಂದಲೇ ಹಿಂದಕ್ಕೆ ಬರುತ್ತದೆ. ಇನ್ನೊಂದು ಹಾದಿಯೂ ಇತ್ತು: ಒಳಗಿನ ಪಟ್ಟಿಯನ್ನು ಪೂರ್ತಿ ಹೊರಗೆ ತೆಗೆದು, ಕೆಳಗೆ ಹುಣಸಿದಿನ್ನಿ ಸೇರಿಸಿ, ಮತ್ತೆ ಚಾಲೂ ಮಾಡುವುದು. ಅದಕ್ಕೆ ಹೊತ್ತು ಬೇಕು, ಎದುರಿಗೆ ಜನ ಕುದಿಯುತ್ತಿದ್ದರು.

“ಮಾಡ್ತೇನ್ರಿ ಸರ್,” ಎಂದಳು. “ಎಲ್ಲಾ ಊರೂ ಹಚ್ಚತೇನಿ. ಹುಣಸಿದಿನ್ನಿ ಬಿಟ್ಟು ಮಾತ್ರ ಹಚ್ಚೂದಿಲ್ಲ.”

“ನೌಕರಿ ಹೋಗ್ತೈತಿ.”

“ಹೋಗ್ಲಿ. ಕುರ್ಚಿ ಬೇಕಾದ್ರ ಈಗ ಬಿಡ್ತೇನಿ. ಬರ್ರಿ, ನೀವ ಕುಂತು ಮಾಡ್ರಿ.”

ಅನೀಲಕುಮಾರ ಕೂರಲಿಲ್ಲ. ಎಲ್ಲಿ ಏನು ಅಳಿಸಬೇಕೆಂದು ಅವನಿಗೆ ಗೊತ್ತಿರಲಿಲ್ಲವೋ, ಪಾಳಿಯ ಮುಖ ನೋಡಿ ಹೆದರಿದನೋ, ಅಂತೂ ಕೂರಲಿಲ್ಲ.

“ಎಷ್ಟೊತ್ತ ನಿಲ್ಲೂದು ನಾವು?” ಗೌಡರು ಗದರಿದರು. “ಇದ್ದ ಊರನ್ನ ಇಲ್ಲ ಅಂದ್ರ ಹೆಂಗ?”

ರೇವವ್ವ ಸೆರಗು ಸರಿಮಾಡಿಕೊಂಡಳು. “ನಾವು ವರ್ಷಾನಗಟ್ಲೆ ಇಲ್ರಿ ಗೌಡ್ರ. ನೀವು ಈಗ ಅರ್ಧ ತಾಸು ಇಲ್ಲ. ಬರ್ರಿ, ಇಲ್ಲೇ ಕುಂದರ್ರಿ, ಜಾಗಾ ಐತಿ.”

ಪಾಳಿಯಲ್ಲಿ ಯಾರೋ ನಕ್ಕರು. ಗೌಡರಿಗೆ ಕರುಣೆಯೇನೂ ಉಕ್ಕಲಿಲ್ಲ. ಅವರಿಗೆ ತಮ್ಮ ಕೆಲಸ ಆಗಬೇಕಿತ್ತು. “ಏ ತಮ್ಮಾ, ಬಾಯಿ ಮುಚ್ಚು,” ಎಂದರು ಅನೀಲಕುಮಾರನಿಗೆ. “ಆಕಿದೂ ಹಚ್ಚಲಿ, ನಂದೂ ಹಚ್ಚಲಿ. ಜಲ್ದಿ ಆಗ್ಲಿ.”

ಭಾಗ್ಯಜ್ಯೋತಿ ಹಚ್ಚಿದಳು. ಒಂದೊಂದೇ ಸಾಲು ತಾಳೆ ನೋಡಿದಳು. ಸರ್ವರ್ ಎದ್ದಾಗ ನಿಡಗುಂದಿ ಇತ್ತು, ಬಾಗೇವಾಡಿ ಇತ್ತು, ಕೊನೆಯಲ್ಲಿ ಹುಣಸಿದಿನ್ನಿಯೂ ಇತ್ತು. ಶುಕ್ರವಾರ ಕಚೇರಿ ಮುಚ್ಚುವ ಮೊದಲು ಸುನೀತಾಳ ಕೈಗೆ ಪ್ರಮಾಣಪತ್ರ ಬಂತು.

ತಿಂಗಳ ಕೊನೆಗೆ ಕಂಪನಿ ಭಾಗ್ಯಜ್ಯೋತಿಯನ್ನು ಕರೆಸಿ, ತಪ್ಪಾಯಿತೆಂದು ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ ಎಂದಿತು. ಅವಳು ಪೆನ್ನು ತೆಗೆದುಕೊಂಡು ಬರೆದಳು: ‘ಮೊದಲು ಒಂದೇ ಊರು ಬರೆದದ್ದು ನನ್ನ ತಪ್ಪು. ಹುಣಸಿದಿನ್ನಿ ಬರೆದದ್ದು ತಪ್ಪಲ್ಲ.’ ಸಹಿ ಹಾಕಿ, ಚೀಲ ಎತ್ತಿಕೊಂಡು ಸಿಂದಗಿ ಬಸ್ಸು ಹತ್ತಿದಳು. ಈಗ ಅಲ್ಲಿ ಬಸ್‌ಸ್ಟ್ಯಾಂಡಿನ ಎದುರು ಅವಳದೇ ಕಂಪ್ಯೂಟರ್ ಕ್ಲಾಸಿದೆ. ಇಂಡಿಯಿಂದಲೂ ಮುದ್ದೇಬಿಹಾಳದಿಂದಲೂ ಹುಡುಗಿಯರು ಬರುತ್ತಾರೆ. ಜಾವಾ ಪೂರ್ತಿ ಕಲಿಸುತ್ತಾಳೆ.

ಕಂಪನಿಯ ಮುಂದಿನ ಆವೃತ್ತಿಯೂ ಬಂತು. ಅದರ ಗಂಟಿನಲ್ಲೂ ಹುಣಸಿದಿನ್ನಿ ಇರಲಿಲ್ಲ. ಆದರೂ ಪ್ರೋಗ್ರಾಮು ಬೆಳಿಗ್ಗೆ ಎದ್ದು ಮೊದಲು ಹೊರಗೆ ನೋಡುತ್ತದೆ, ಅವಳು ಬಿಟ್ಟುಹೋದ ಫೈಲನ್ನೇ ಓದುತ್ತದೆ. ಅವಳ ಕುರ್ಚಿಗೆ ಬಂದ ಹೊಸಬ ಒಂದು ದಿನ, ಇದ್ಯಾವ ಬೇವಾರ್ಸಿ ಫೈಲು ಎಂದು ಅಳಿಸಲು ಹೋದನಂತೆ. ಅನೀಲಕುಮಾರ ಎದ್ದು ಬಂದು ಅವನ ಕೈ ಹಿಡಿದ.

“ಆ ಫೈಲ್ ಮುಟ್ಟೀರಿ ಮತ್ತ,” ಎಂದ.